ಅಟ್ಟದ ಕುಂಬಳಕಾಯಿ

ಧನುರ್ಮಾಸದ ಈ ಚಳಿಯಲ್ಲಿ ರೇಡಿಯೋ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಾ ಕೂತವರು ಕೆಲವರಾದರೂ ಇರುತ್ತೀರಿ. ಸುಲಿಯುತ್ತಲೇ ಕೇಳಿ. ನಮ್ಮ ಮನೆಯ ಒಂದು ಹಳೇ ಜಗಳದ ವಿಷಯ ಹೇಳುತ್ತೇನೆ.

ಮಾಗಿ ಬಂದರೆ ಹಿತ್ತಲಿನ ಕೆಲಸ ಮುಗಿಯಿತು ಅನ್ನುವವರು ಹಿತ್ತಲು ಮಾಡಿದವರಲ್ಲ. ತುಮಕೂರು ಸೀಮೆಯ ನಮ್ಮೂರಲ್ಲಿ ಅಷ್ಟು ಹೊತ್ತಿಗೆ ಮಳೆ ನಿಂತಿರುತ್ತದೆ, ಪಾತಿಗೆ ನೀರು ಹೊರಬೇಕು. ಬದನೆ ಬುಡಕ್ಕೆ ಹೊಂಗೆ ಸೊಪ್ಪು ಹೊದಿಸಬೇಕು. ಚಪ್ಪರದ ಅವರೆಯ ಎಳೇ ಕುಡಿಗೆ ಹೇನು ಮುತ್ತಿರುತ್ತದೆ. ಅವ್ವ ಒಲೆಯ ಬೂದಿಯನ್ನು ಹಳೇ ಪಂಚೆಯ ತುಂಡಿನಲ್ಲಿ ಸಡಿಲವಾಗಿ ಗಂಟು ಕಟ್ಟಿ, ಇಬ್ಬನಿ ಆರುವ ಮೊದಲೇ ಹೋಗಿ ಎಲೆಗಳ ಮೇಲೆ ಮೆಲ್ಲಗೆ ತಟ್ಟುತ್ತಿದ್ದಳು. ಒದ್ದೆ ಎಲೆಗಾದರೆ ಬೂದಿ ಹಿಡಿಯುತ್ತದೆ. ಬಿಸಿಲೇರಿದ ಮೇಲೆ ಹಾಕಿದ್ದು ಗಾಳಿಗೆ.

ಆ ಚಪ್ಪರದಲ್ಲೇ ಎರಡು ಮೂರು ಕಡೆ ಕೆಂಪು ಬಟ್ಟೆಯ ಚೂರು ಕಟ್ಟಿರುತ್ತಿತ್ತು. ಅಲ್ಲಿಯ ಕಾಯಿ ಬೀಜಕ್ಕೆ. ಇಡೀ ಚಪ್ಪರದಲ್ಲಿ ದಪ್ಪಗೆ ತುಂಬಿದ ಕಾಯಿಗಳೆಲ್ಲ ಅಲ್ಲೇ, ಮಕ್ಕಳು ಕೈ ಹಾಕುವಂತಿಲ್ಲ. ಅವು ಬಳ್ಳಿಯಲ್ಲೇ ಒಣಗಬೇಕು, ಆಮೇಲೆ ಕಾಳಿಗೆ ಕೆಮ್ಮಣ್ಣು ಕಟ್ಟಿ ಬಿಸಿಲಿಗೆ ಹಾಕಿ ಗುಡಾಣಕ್ಕೆ ತುಂಬಬೇಕು. ಕಾಳಿನ ಹುಳು ಗುಡಾಣಕ್ಕೆ ಹೊರಗಿನಿಂದ ನುಗ್ಗುತ್ತದೆ ಅಂತ ನಾನು ತಿಳಿದಿದ್ದೆ. ಬಹಳ ಸಲ ಅದು ಹೊಲದಲ್ಲೇ ಹಸಿ ಕಾಯಿಯ ಮೇಲೆ ಮೊಟ್ಟೆಯಿಟ್ಟು, ಕಾಳಿನೊಳಗೇ ಕೂತು ನಮ್ಮ ಜೊತೆ ಮನೆಗೆ ಬರುತ್ತದಂತೆ.

ರಾಗಿಯದು ನಿಶ್ಚಿಂತೆ. ಒಣಗಿದ ರಾಗಿಗೆ ಹುಳುವಿನ ಕಾಟ ಕಡಿಮೆ. ಹಿಂದೆ ಹಗೇವಿಗೆ ಸುರಿದು ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಮರೆತಿರಬಹುದಿತ್ತು. ಕುಂಬಳಕಾಯಿಯನ್ನು ಹಾಗೆ ಮರೆಯುವಂತಿಲ್ಲ. ತೊಟ್ಟು ಮುರಿದದ್ದು ಅಟ್ಟ ಹತ್ತಬಾರದು. ಒಂದಕ್ಕೊಂದು ತಾಗಬಾರದು. ಬೂದುಗುಂಬಳದ ಮೈಮೇಲಿನ ಬೂದಿ ಒರೆಸಬಾರದು. ನಾನೊಮ್ಮೆ ಅದರ ಮೇಲೆ ಉಗುರಿನಿಂದ ನನ್ನ ಹೆಸರು ಗೀಚಿ ಏಟು ತಿಂದಿದ್ದೇನೆ. ವಾರಕ್ಕೊಮ್ಮೆ ಅವ್ವ ಏಣಿ ಹತ್ತಿ, ನೆಲುವಿನಲ್ಲಿದ್ದ ಒಂದೊಂದನ್ನೂ ತಿರುಗಿಸಿ ಹೆಬ್ಬೆರಳಿನಿಂದ ಒತ್ತಿ ನೋಡುವಳು. ಯಾವುದು ಮೆತ್ತಗಾಗಿದೆಯೋ ಅದು ಆ ದಿನದ ಹುಳಿಗೆ.

ಜಗಳ ಇಲ್ಲಿಂದ ಶುರು. "ಈ ಮನೇಲಿ ಒಂದು ದಿನಾನಾದ್ರೂ ಒಳ್ಳೇ ಕುಂಬಳಕಾಯಿ ತಿಂತೀನೇನೆ?" ಅಂತ ಅಪ್ಪ. "ಒಳ್ಳೇದು ನಾಳೆಗೂ ಇರುತ್ತೆ ಕಣ್ರೀ, ಇದು ಇರಲ್ಲ" ಅಂತ ಅವ್ವ. "ನಾಳೆಗೆ ಇನ್ನೊಂದು ಕೊಳೆತಿರುತ್ತೆ!" ಅಪ್ಪನ ಲೆಕ್ಕ ತಪ್ಪೇನಲ್ಲ. ಕೊಳೆಯುವುದನ್ನೇ ಮೊದಲು ತಿನ್ನುವ ಮನೆ ವರ್ಷವಿಡೀ ಕೊಳೆತದ್ದನ್ನೇ ತಿನ್ನುತ್ತದೆ. ನಾನೂ ಎಷ್ಟೋ ವರ್ಷ ಹೀಗೇ ಬದುಕಿದ್ದೇನೆ. ತುರ್ತಿನ ಕೆಲಸಕ್ಕೆ ಇವತ್ತಿನ ಹೊತ್ತು, ಇಷ್ಟದ ಕೆಲಸಕ್ಕೆ ನಾಳೆ. ಆ ನಾಳೆ ಅಟ್ಟದಲ್ಲೇ ತೂಗಾಡುತ್ತಿತ್ತು.

ಆದರೆ ಒಳ್ಳೇ ಕಾಯಿಗಳು ಹೋದದ್ದೆಲ್ಲಿಗೆ? ಇದನ್ನು ಅಪ್ಪನೂ ಎಣಿಸಲಿಲ್ಲ, ನಾನೂ ಎಣಿಸಲಿಲ್ಲ. ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಬೀಜಕ್ಕೆ. ಆಮೇಲಿನವು ಊರಿನ ಮದುವೆ ಮನೆಗೆ, ತಿಥಿ ಮನೆಗೆ. ಒಂದು ಅಕ್ಕನ ಅತ್ತೆಮನೆಗೆ. ಉಳಿದದ್ದು ನಮಗೆ. ಇದನ್ನು ತ್ಯಾಗ ಅಂತ ಕರೆದು ಹಾರ ಹಾಕುವುದು ಸುಲಭ. ಅವಳಿಗೂ ಒಂದು ಒಳ್ಳೇ ಹೋಳು ಬೇಕಿತ್ತೇನೋ. ನಾವು ಯಾರೂ ಕೇಳಲಿಲ್ಲ.

ಹೋದ ವರ್ಷ ಊರಿಂದ ಬಂದ ಕುಂಬಳಕಾಯಿಯನ್ನು ನೆಂಟರು ಬಂದಾಗ ಮಾಡೋಣ ಅಂತ ಪ್ಲಾಸ್ಟಿಕ್ ಚೀಲದಲ್ಲೇ ಫ್ರಿಜ್ಜಿನ ಮೇಲಿಟ್ಟಿದ್ದೆ. ನೆಂಟರು ಬರುವ ಮೊದಲು ಅದರ ನೀರು ಗೋಡೆಗುಂಟ ಇಳಿದು ಬಂತು. ಗಾಳಿಯಾಡಬೇಕು ಅನ್ನುವುದು ಗೊತ್ತಿದ್ದವನೇ ನಾನು. ಹೆಬ್ಬೆರಳಿಂದ ಒತ್ತಿ ನೋಡುವವರು ಮಾತ್ರ ಈಗ ಮನೆಯಲ್ಲಿಲ್ಲ.

ಈ ಸಲದ್ದನ್ನು ಬಂದ ದಿನವೇ ಹೆಚ್ಚಿದೆ. ಕಲ್ಲಿನ ಹಾಗಿತ್ತು, ಒಳಗೆ ಅರಿಶಿನ ಅರೆದಿಟ್ಟ ಬಣ್ಣ. ಹುಳಿ ಕುದಿಯುತ್ತಿರುವಾಗ ಊರಿಗೆ ಫೋನ್ ಮಾಡಿ, "ಅಪ್ಪಾ, ಇವತ್ತು ಒಳ್ಳೇ ಕುಂಬಳಕಾಯೇ ಹೆಚ್ಚಿದೀನಿ" ಅಂದೆ. ನಗುತ್ತಾನೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ: "ಬೀಜ ತೆಗೆದಿಟ್ಟೆಯೇನಪ್ಪಾ?"