ಗೋವೆಗೆ ಹೊರಟವರೊಡನೆ ನಾಲ್ಕು ಮಾತು

ಶಾಲೆಗಳಿಗೆ ರಜೆ ಹತ್ತಿರ ಬಂತೆಂದರೆ ಈಗ ನಮ್ಮ ಊರುಗಳ ಮನೆಗಳಲ್ಲಿ ಕೇಳಿಬರುವ ಹೆಸರು ಗೋವೆ. ಹಿಂದೆ ರಜೆಯೆಂದರೆ ಅಜ್ಜಿಯ ಮನೆ, ಇಲ್ಲವೆ ಧರ್ಮಸ್ಥಳ, ಶೃಂಗೇರಿ. ಈಗ ಮಕ್ಕಳಿಗೆ ಕಡಲೇ ಬೇಕು. ಕಡಲು ಕಾರವಾರದಲ್ಲಿಯೂ ಇದೆ, ಮಲ್ಪೆಯಲ್ಲಿಯೂ ಇದೆಯಲ್ಲ ಎಂದರೆ ಅವರು ಒಪ್ಪುವುದಿಲ್ಲ. ಹುಬ್ಬಳ್ಳಿಯಲ್ಲಿ ರೈಲು ಹತ್ತಿದರೆ ಲೋಂಡಾ, ಕ್ಯಾಸಲ್‌ರಾಕ್ ದಾಟಿ, ದೂಧಸಾಗರದ ಮಗ್ಗುಲಲ್ಲಿ ಘಟ್ಟ ಇಳಿದು ಗೋವೆಯನ್ನು ಸೇರಬಹುದು. ದಾರಿ ಇಷ್ಟು ಹತ್ತಿರವಾದುದರಿಂದಲೇ ಕಾಶಿಗೆ ಹೊರಟವರು ಮಾಡಿಕೊಳ್ಳುವ ಸಿದ್ಧತೆಯ ಕಾಲುಪಾಲನ್ನೂ ಗೋವೆಗೆ ಹೊರಟವರು ಮಾಡಿಕೊಳ್ಳುವುದಿಲ್ಲ.

ಹೋಗಬೇಡಿರೆಂದು ಹೇಳಲು ನಾನು ಬಂದಿಲ್ಲ. ಗೋವೆ ನಮಗೆ ಅಪರಿಚಿತ ನೆಲವೇನೂ ಅಲ್ಲ. 1961ರ ಡಿಸೆಂಬರಿನಲ್ಲಿ ಪೋರ್ತುಗೀಸರ ಆಳಿಕೆಯಿಂದ ಬಿಡುಗಡೆ ಹೊಂದಿದ ಆ ನಾಡನ್ನು ಅವರಿಗಿಂತ ಬಹು ಹಿಂದೆ ಆಳಿದವರಲ್ಲಿ ಗೋವೆಯ ಕದಂಬರು ಒಬ್ಬರು. ನಮ್ಮ ಬನವಾಸಿಯ ಕದಂಬರ ಹೆಸರನ್ನು ಹೊತ್ತ ಮನೆತನ. ಪಣಜಿಯ ನಿಲ್ದಾಣದಲ್ಲಿ ನಿಂತಿರುವ ಸರ್ಕಾರಿ ಬಸ್ಸುಗಳ ಮೇಲೆ ಇಂದಿಗೂ ‘ಕದಂಬ’ ಎಂದೇ ಬರೆದಿರುತ್ತದೆ. ಅದನ್ನು ನೋಡಿ ಕನ್ನಡ ಪಂಡಿತನಾದ ನನ್ನಂಥವನಿಗೆ ಹಿಗ್ಗಾಗುವುದು ಸಹಜ. ಆದರೆ ಹಿಗ್ಗಿದವನ ಜೇಬಿನ ಗುಂಡಿ ಸಡಿಲವಾಗಿರುತ್ತದೆ ಎಂಬುದನ್ನು ಬಲ್ಲ ಜನ ಆ ಕಡಲತಡಿಯಲ್ಲಿ ಇದ್ದಾರೆ. ಅವರ ವಿಷಯವೇ ಈ ಹೊತ್ತಿನ ಮಾತು.

ಪಣಜಿಯಿಂದ ಸುಮಾರು 15 ಕಿಲೋಮೀಟರು ಉತ್ತರಕ್ಕೆ, ಬಾರ್ದೇಸ್ ತಾಲ್ಲೂಕಿನಲ್ಲಿ, ಕಾಂದೋಳಿ, ಕಲಂಗುಟ್, ಬಾಗಾ ಎಂಬ ಊರುಗಳ ಮರಳು ಒಂದಕ್ಕೊಂದು ಕೂಡಿಕೊಂಡಿದೆ. ಹಿಂದೊಮ್ಮೆ ಮೀನುಗಾರರ ದೋಣಿ, ತೆಂಗಿನ ತೋಟ ಇಷ್ಟೇ ಇದ್ದ ಜಾಗ. 1960ರ ದಶಕದ ಕೊನೆಯಲ್ಲಿ ಹಿಪ್ಪಿಗಳು ಬಂದರು. ಅವರ ಹಿಂದೆ ಹೋಟಲುಗಳು ಬಂದವು. ಹೋಟಲುಗಳ ಹಿಂದೆ ನಾವೆಲ್ಲರೂ ಬಂದೆವು. ಈಗ ಸಂಜೆಯಾಯಿತೆಂದರೆ ಅಲ್ಲಿ ದೀಪಗಳ ಸಾಲು, ಹಾಡಿನ ಅಬ್ಬರ, ಮರಳಿನ ಮೇಲೆಯೇ ಮೇಜು ಕುರ್ಚಿ. ಇಂಥ ಕಡೆ ಮನುಷ್ಯನು ತನ್ನ ಮನೆಯ ಎಚ್ಚರವನ್ನು ಮನೆಯಲ್ಲಿಯೇ ಬಿಟ್ಟು ಬಂದಿರುತ್ತಾನೆ.

ಮೋಸ ಹೋದವರನ್ನು ದಡ್ಡರೆನ್ನುವುದು ನಮ್ಮ ರೂಢಿ. ನನಗೆ ಹಾಗೆ ತೋರುವುದಿಲ್ಲ. ಮೋಸಗಾರನಿಗೆ ಬಂಡವಾಳವಾಗುವುದು ನಮ್ಮ ದಡ್ಡತನವಲ್ಲ, ದಾಕ್ಷಿಣ್ಯ. ಎದುರಿಗೆ ನಿಂತು ನಗುತ್ತ ಮಾತಾಡಿದವನಿಗೆ ‘ಬೇಡ’ ಎನ್ನಲಾರದ ಸ್ವಭಾವ. ನಮ್ಮ ಊರಿನಲ್ಲಿ ಅದು ಗುಣ. ಮಕ್ಕಳಿಗೆ ಅದನ್ನೇ ಕಲಿಸುತ್ತೇವೆ. ಕಲಂಗುಟ್ಟಿನ ಮರಳಿನಲ್ಲಿ ಅದಕ್ಕೆ ದರ ಕಟ್ಟುವವರಿದ್ದಾರೆ.

ಉದಾಹರಣೆಗೆ ಕಿವಿಯ ಗುಗ್ಗೆ ತೆಗೆಯುವವನನ್ನು ನೋಡಿರಿ. ನೀವು ಮರಳಿನ ಮೇಲೆ ಸುಮ್ಮನೆ ಕುಳಿತಿರುತ್ತೀರಿ. ಅವನು ಬಂದು ಪಕ್ಕದಲ್ಲಿ ಕುಕ್ಕರಿಸಿ, ಬರಿದೆ ನೋಡುತ್ತೇನೆ, ಕಾಸೇನೂ ಬೇಡ ಎನ್ನುತ್ತಾನೆ. ನೋಡಿದ ಮೇಲೆ ಅವನ ಮುಖ ಗಂಭೀರವಾಗುತ್ತದೆ. ಕಡ್ಡಿ ಹಾಕಿ ಒಂದು ಕಲ್ಲನ್ನು ತೆಗೆದು ಅಂಗೈಯಲ್ಲಿ ತೋರಿಸುತ್ತಾನೆ. ಐವತ್ತು ವರ್ಷ ನೆಟ್ಟಗೆ ಕೇಳಿಸಿದ ಕಿವಿಯೊಳಗೆ ಕಲ್ಲು ಎಲ್ಲಿಂದ ಬಂತೆಂದು ನೀವು ಯೋಚಿಸುವುದರೊಳಗೆ ಎರಡನೆಯ ಕಲ್ಲೂ ಹೊರಬಂದಿರುತ್ತದೆ. ಕಲ್ಲಿಗಿಷ್ಟೆಂದು ಲೆಕ್ಕವೂ ಆಗಿರುತ್ತದೆ. ಕಲ್ಲು ಬಂದದ್ದು ಅವನ ಬೆರಳ ಸಂದಿಯಿಂದ. ಇಂಥವರ ಕೈಯಲ್ಲಿ ಒಂದು ಪುಸ್ತಕವೂ ಇರುವುದುಂಟು. ಊರೂರಿನವರು ಮೆಚ್ಚಿ ಬರೆದ ಒಪ್ಪಣೆಗಳು! ನಾವು ಉಪಾಧ್ಯಾಯರು ಶಾಲೆ ಬಿಡುವ ಹುಡುಗರಿಗೆಲ್ಲ ಬರೆದುಕೊಡುವ ‘ನಡತೆ ಉತ್ತಮ’ ಎಂಬ ಪತ್ರದಷ್ಟೇ ಬೆಲೆ ಅವಕ್ಕೆ. ಹಣ ಹೋಗುವುದು ಹಾಗಿರಲಿ, ಕಿವಿಯ ತಮಟೆ ಹರಿದರೆ ಅದನ್ನು ಹೊಲಿಯುವವರು ಮರಳಿನ ಮೇಲೆ ಸಿಕ್ಕುವುದಿಲ್ಲ.

ಇದಕ್ಕಿಂತ ಇಸ್ತ್ರಿ ಮಾಡಿದ ಬಟ್ಟೆಯ ಮೋಸ ಇನ್ನೊಂದು. ಬೀದಿಯಲ್ಲಿ ಹುಡುಗನೊಬ್ಬ ನಗುತ್ತ ಬಂದು ಗಂಡನಿಗೊಂದು ಹೆಂಡತಿಗೊಂದು ಉಜ್ಜುವ ಚೀಟಿ ಕೊಡುತ್ತಾನೆ. ಗಂಡನದರಲ್ಲಿ ಒಂದು ಬನೀನು. ಹೆಂಡತಿಯದರಲ್ಲಿ ಮೊದಲನೆಯ ಬಹುಮಾನ! ಹುಡುಗನಿಗೆ ನಿಮಗಿಂತ ಹೆಚ್ಚು ಸಂತೋಷ. ಆದರೆ ಬಹುಮಾನ ಪಡೆಯಲು ದಂಪತಿಗಳಿಬ್ಬರೂ ಒಂದು ವಿಹಾರಧಾಮಕ್ಕೆ ಬರಬೇಕು, ‘ಒಂದೂವರೆ ಗಂಟೆ’ ಮಾತು ಕೇಳಬೇಕು. ಅಲ್ಲಿ ತಂಪು ಪಾನೀಯ ಕೊಡುತ್ತಾರೆ, ಮಕ್ಕಳ ಹೆಸರು ಕೇಳುತ್ತಾರೆ, ತಿಂಡಿ ತರಿಸುತ್ತಾರೆ. ವರ್ಷಕ್ಕೊಂದು ವಾರ ಹಲವು ಊರುಗಳಲ್ಲಿ ತಂಗುವ ಹಕ್ಕನ್ನು ಲಕ್ಷಗಳ ಲೆಕ್ಕದಲ್ಲಿ ಮಾರುವುದು ಅವರ ಉದ್ದೇಶ. ಈ ವ್ಯಾಪಾರವನ್ನು ನೇರಾಗಿ ನಡೆಸುವ ಸಂಸ್ಥೆಗಳೂ ಇವೆಯೆನ್ನಿ. ಆದರೆ ‘ಇಂದೇ ಸಹಿ ಹಾಕಿದರೆ ಮಾತ್ರ ಈ ದರ’ ಎಂದ ಕೂಡಲೇ ಎದ್ದು ನಿಲ್ಲತಕ್ಕದ್ದು. ನಾಳೆ ಇಲ್ಲದ ದರ ಇಂದೂ ಇಲ್ಲ. ಅವರ ತಿಂಡಿ ತಿಂದೆವಲ್ಲ, ಹೇಗೆ ಎದ್ದು ಬರುವುದು ಎಂದು ಕುಳಿತವರು ಕೊನೆಗೆ ಕಾರ್ಡು ಉಜ್ಜಿ, ಮುಂಗಡ ಕೊಟ್ಟು, ವರ್ಷವರ್ಷವೂ ನಿರ್ವಹಣಾ ಶುಲ್ಕವೆಂದು ತೆರುತ್ತ ಬಂದದ್ದುಂಟು.

ಪಂಚತಂತ್ರದಲ್ಲಿ ಆಡು ಹೊತ್ತ ಬ್ರಾಹ್ಮಣನ ಕತೆಯನ್ನು ನೀವು ಬಲ್ಲಿರಿ. ಒಬ್ಬ ಠಕ್ಕನು ನಾಯಿ ಎಂದರೆ ಅವನು ನಂಬಲಿಲ್ಲ. ಮೂರನೆಯವನೂ ನಾಯಿ ಎಂದಾಗ ಆಡನ್ನು ಬಿಸುಟು ಹೋದ. ಕಡಲತೀರದ ನೀರಾಟಗಳ ದಲ್ಲಾಳಿಗಳು ಈ ಕತೆಯನ್ನು ಓದಿರಲಾರರು, ಆದರೆ ಬಲ್ಲರು. ಒಬ್ಬ ದರ ಹೇಳುತ್ತಾನೆ. ಇನ್ನೊಬ್ಬ ಗಿರಾಕಿಯಂತೆ ಬಂದು ‘ಅಗ್ಗವಾಯಿತು, ನಾವು ಹೆಚ್ಚು ಕೊಟ್ಟೆವು’ ಎನ್ನುತ್ತಾನೆ. ಐದು ಆಟ ಸೇರಿ ಇಷ್ಟು ಎಂದು ಹಣ ಪಡೆದ ಮೇಲೆ ನೀರಿನ ನಡುವೆ ಐದು ಮೂರಾಗುತ್ತವೆ. ಕೊಡೆ ಕಟ್ಟಿ ಹಾರಿಸುವಾಗ ಕಾಲು ನೀರಿಗೆ ಮುಟ್ಟಿಸಲು ಬೇರೆ ಹಣ, ಚಿತ್ರ ತೆಗೆಯಲು ಬೇರೆ ಹಣ. ದೋಣಿಯೊಳಗೆ ಕುಳಿತು ಯಾರು ಜಗಳವಾಡಿಯಾರು? ಆದುದರಿಂದ ಮಾತೆಲ್ಲವೂ ದಡದಲ್ಲಿಯೇ ಆಗಬೇಕು: ಯಾವ ಆಟ, ಎಷ್ಟು ಹೊತ್ತು, ಒಟ್ಟು ಎಷ್ಟು. ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿರಿ. ಈ ದೋಣಿಗಳು ಬಂದರು ಇಲಾಖೆಯಲ್ಲಿ ನೋಂದಣಿಯಾಗಿರಬೇಕು. ತೇಲುಕವಚ ತೊಡಿಸದವನ ದೋಣಿಯನ್ನು ಬಿಟ್ಟಿಯಾದರೂ ಹತ್ತಬಾರದು. ಮಳೆಗಾಲದಲ್ಲಿ ಈ ಆಟಗಳು ನಿಂತಿರುತ್ತವೆ. ಆಗಲೂ ‘ನಾನು ಕರೆದೊಯ್ಯುತ್ತೇನೆ’ ಎನ್ನುವವನು ಹಣಕ್ಕಿಂತ ದೊಡ್ಡದನ್ನು ಕೇಳುತ್ತಿದ್ದಾನೆ.

ಬಾಡಿಗೆ ಸ್ಕೂಟರಿನ ವಿಷಯ ಚಿಕ್ಕದು, ಆದರೆ ಮುಖ್ಯವಾದುದು. ಸಂಖ್ಯೆಯ ಫಲಕವನ್ನು ಓದಲು ಕಲಿಯಿರಿ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿದ್ದರೆ ಅದು ನಾವೇ ಓಡಿಸಲು ಬಾಡಿಗೆಗೆ ಕೊಡುವ ಪರವಾನಗಿಯುಳ್ಳ ಗಾಡಿ. ಹಳದಿ ಫಲಕ, ಕಪ್ಪು ಅಕ್ಷರವಾದರೆ ಟ್ಯಾಕ್ಸಿ. ಬಿಳಿಯ ಫಲಕದ್ದು ಒಬ್ಬರ ಸ್ವಂತ ವಾಹನ. ಅದನ್ನು ಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯವರು ಕೈ ಎತ್ತುವ ಸಂಭವವೂ ಉಂಟು. ನೂರಿನ್ನೂರು ರೂಪಾಯಿ ಕಡಿಮೆಗೆ ಸಿಕ್ಕಿತೆಂದು ಅದನ್ನು ಹತ್ತಬೇಡಿರಿ. ಗಾಡಿ ಪಡೆಯುವಾಗಲೇ ಅದರ ಹಳೆಯ ಗೀರು, ತಗ್ಗುಗಳನ್ನು ಒಡೆಯನ ಎದುರಿನಲ್ಲಿಯೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿರಿ. ಹಿಂತಿರುಗಿಸುವ ದಿನ ಆ ಗೀರುಗಳು ನಿಮ್ಮ ತಲೆಗೆ ಬರಬಾರದು. ಒತ್ತೆಯಾಗಿ ಮೂಲ ಲೈಸೆನ್ಸನ್ನೋ ಆಧಾರ್ ಚೀಟಿಯನ್ನೋ ಬಿಟ್ಟುಬಂದರೆ ನಿಮ್ಮ ಜುಟ್ಟು ಅವನ ಕೈಯಲ್ಲಿದ್ದಂತೆ.

ಇನ್ನು ಕಳ್ಳತನ. ಇದರಲ್ಲಿ ಹೊಸತೇನೂ ಇಲ್ಲ. ಮನೆಯವರೆಲ್ಲ ಒಟ್ಟಿಗೆ ನೀರಿಗಿಳಿದು ಚಪ್ಪಲಿಯ ಪಕ್ಕದಲ್ಲಿ ಚೀಲವನ್ನಿಟ್ಟರೆ, ಕಾಯುವುದು ಚಪ್ಪಲಿಯಲ್ಲ. ಒಬ್ಬರು ದಡದಲ್ಲಿ ಕೂಡಲೇಬೇಕು. ಸ್ಕೂಟರಿನ ಸೀಟಿನ ಕೆಳಗಿನ ಡಿಕ್ಕಿಯನ್ನು ತಿಜೋರಿಯೆಂದು ಭಾವಿಸಿ, ಹಣ, ಮೊಬೈಲುಗಳನ್ನು ಅದರಲ್ಲಿಟ್ಟು ಛಾಪೋರಾದ ಕೋಟೆ ಹತ್ತುವವರಿದ್ದಾರೆ. ಆ ಬೀಗ ಮಕ್ಕಳ ಪೆಟ್ಟಿಗೆಯ ಬೀಗಕ್ಕಿಂತ ಗಟ್ಟಿಯಲ್ಲ. ಹೆಣ್ಣುಮಕ್ಕಳಿಗೆ ಒಂದು ಮಾತು: ಸರ, ಬಳೆಗಳನ್ನು ತೊಟ್ಟು ಅಲೆಗೆ ಎದುರಾಗಬೇಡಿರಿ. ಅಲ್ಲಿ ಕಳ್ಳನು ಮನುಷ್ಯನೇ ಆಗಬೇಕಾಗಿಲ್ಲ, ಸಮುದ್ರವೂ ಸಾಕು.

ಕತ್ತಲಾದ ಮೇಲೆ ಸಾದಾ ಉಡುಪಿನಲ್ಲಿ ಇಬ್ಬರು ಬಂದು, ನಾವು ಪೊಲೀಸರು, ನಿಮ್ಮ ಹತ್ತಿರ ಮಾದಕ ವಸ್ತುವಿದೆಯೆಂದು ವರದಿ ಬಂದಿದೆ ಎಂದರೆ ಎಂಥ ಸಭ್ಯನಿಗೂ ಕೈಕಾಲು ನಡುಗುತ್ತದೆ. ಅವರು ನಿಜವಾದ ಪೊಲೀಸರೇ ಇರಬಹುದು. ಗುರುತಿನ ಚೀಟಿ ಕೇಳಿರಿ, ಠಾಣೆಗೆ ಹೋಗೋಣ ಎನ್ನಿರಿ. 1985ರ ಮಾದಕ ವಸ್ತುಗಳ ಕಾಯಿದೆಯ ಪ್ರಕಾರ, ಮೈ ತಪಾಸಣೆಯನ್ನು ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಎದುರಿನಲ್ಲಿ ಮಾಡಿಸಿಕೊಳ್ಳುವ ಹಕ್ಕು ನಿಮಗಿದೆ. ಹೆಂಗಸರನ್ನು ಹೆಂಗಸರೇ ಪರೀಕ್ಷಿಸಬೇಕು. ಇಷ್ಟು ಬಲ್ಲೆನೆಂದು ಮೆಲ್ಲಗೆ ಹೇಳಿದರೆ ವೇಷಧಾರಿಗಳು ಕರಗಿಹೋಗುತ್ತಾರೆ. ಮರಳಿನ ಮೇಲೆ ಬಹಿರಂಗವಾಗಿ ಮದ್ಯಪಾನ ಮಾಡಿದರೆ 2019ರ ತಿದ್ದುಪಡಿಯಂತೆ ನಿಜವಾಗಿಯೂ ದಂಡವಿದೆ. ಆದರೆ ರಸೀತಿಯಿಲ್ಲದ ದಂಡ ದಂಡವಲ್ಲ.

ಇಷ್ಟು ಕೇಳಿ ಗೋವೆಯವರೆಲ್ಲ ಕೆಟ್ಟವರೆಂದು ತಿಳಿದೀರಿ, ಹಾಗಲ್ಲ. ಅಲ್ಲಿಯ ಸಾಮಾನ್ಯ ಜನ ಮಿತಭಾಷಿಗಳು, ಮರ್ಯಾದಸ್ಥರು. ಮರಳಿನ ಮೇಲೆ ಮಣಿಸರ, ಕಸೂತಿಯ ಬಟ್ಟೆ ಹೊತ್ತು ಬಿಸಿಲಿನಲ್ಲಿ ಅಲೆಯುವ ಲಂಬಾಣಿ ಹೆಂಗಸರಲ್ಲಿ ಬಹಳ ಮಂದಿ ನಮ್ಮ ಉತ್ತರ ಕರ್ನಾಟಕದ ಕಡೆಯವರು. ಕನ್ನಡದಲ್ಲಿ ಮಾತಾಡಿಸಿ ನೋಡಿರಿ. ಚೌಕಾಸಿಯೂ ಸಲೀಸು, ಯಾವ ಅಂಗಡಿ ನೇರು ಎಂಬ ಸುದ್ದಿಯೂ ಸಿಕ್ಕೀತು. ಹಾಗೆಂದು, ದಾರಿಯಲ್ಲಿ ತಾನಾಗಿ ಬಂದು ‘ನೀವು ನಮ್ಮೂರವರಾ?’ ಎಂದು ಹೆಗಲ ಮೇಲೆ ಕೈ ಹಾಕುವವನ ಕನ್ನಡಕ್ಕೆ ಮರುಳಾಗಬೇಡಿರಿ. ಭಾಷೆಯೂ ಗಾಳದ ಹುಳುವಾಗಬಲ್ಲುದು. ಪಂಡಿತನಾಗಿ ಇದನ್ನು ಹೇಳಲು ನನಗೆ ಸಂಕಟವೇ.

ಎಲ್ಲಕ್ಕಿಂತ ದೊಡ್ಡ ಮೋಸ ನಡೆಯುವುದು ಗೋವೆಯಲ್ಲಿ ಅಲ್ಲ, ಹೊರಡುವ ಮೊದಲು ನಮ್ಮ ಮನೆಯ ಪಡಸಾಲೆಯಲ್ಲಿಯೇ. ನಮ್ಮ ಬೀದಿಯ ನಿವೃತ್ತ ಗುಮಾಸ್ತರೊಬ್ಬರು ಮೊಬೈಲಿನಲ್ಲಿ ಒಂದು ಬಂಗಲೆಯ ಜಾಹೀರಾತು ನೋಡಿದರು. ಈಜುಕೊಳ, ಹೂದೋಟ, ಬಾಡಿಗೆ ಅಗ್ಗ. ಫೋನಿನಲ್ಲಿ ಮಾತಾಡಿದವನು ಬಹಳ ವಿನಯಶಾಲಿ. ಅರ್ಧ ಹಣ ಮುಂಗಡ ಕೇಳಿದ, ಮರುದಿನ ‘ಭದ್ರತೆಗೆ’ ಎಂದು ಇನ್ನಷ್ಟು ಕೇಳಿದ. ಕೊಟ್ಟರು. ರಾತ್ರಿ ಒಂಬತ್ತು ಗಂಟೆಗೆ ಎಂಬತ್ತು ವರ್ಷದ ತಾಯಿ, ಮಗಳು, ಮೊಮ್ಮಕ್ಕಳೊಡನೆ ಕಾಂದೋಳಿಗೆ ಮುಟ್ಟಿದರೆ ಮನೆ ಇತ್ತು, ಈಜುಕೊಳವೂ ಇತ್ತು. ಆದರೆ ಅದು ಬಾಡಿಗೆಗಿಲ್ಲವೆಂದು ಕಾವಲುಗಾರ ಹೇಳಿದ. ಚಿತ್ರಗಳನ್ನು ಯಾರೋ ಕದ್ದು ಹಾಕಿದ್ದರು. ಹಣ ಪಡೆದವನ ಫೋನು ಆರಿಹೋಗಿತ್ತು. ಆ ವೃದ್ಧೆ ವಾಹನದಲ್ಲಿ ಕುಳಿತೇ ರಾತ್ರಿಯ ಬಹುಭಾಗ ಕಳೆದರು.

ಊರಿಗೆ ಬಂದು ಅವರು ಯಾರಿಗೂ ಹೇಳಲಿಲ್ಲ. ‘ಚೆನ್ನಾಗಿತ್ತು’ ಎಂದರು. ಐದು ವಾರ ಕಳೆದ ಮೇಲೆ ಎದುರು ಮನೆಯ ಹುಡುಗಿ, ಹೊಸದಾಗಿ ಮದುವೆಯಾದವಳು, ‘ಮಾವಯ್ಯ, ನಾವೂ ಗೋವೆಗೆ ಹೊರಟೆವು’ ಎಂದು ಮೊಬೈಲನ್ನು ಅವರ ಮುಂದೆ ಹಿಡಿದಳು. ಅದೇ ಈಜುಕೊಳ, ಅದೇ ಹೂದೋಟ. ಆಗಲೂ ಅವರ ಬಾಯಿ ಏಳಲಿಲ್ಲ. ಊರಿನ ಲೆಕ್ಕಪತ್ರಗಳನ್ನೆಲ್ಲ ತಿದ್ದಿಕೊಡುವ ಮನುಷ್ಯ ತಾನೇ ಮೋಸ ಹೋದೆನೆಂದು ಹೇಗೆ ಹೇಳಬೇಕು? ಆ ಹುಡುಗಿಯ ಹಣವೂ ಹೋಯಿತು. ಆಮೇಲೆ ಅವರೇ ಅವಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದರು. ಇದನ್ನು ಬಾನುಲಿಯಲ್ಲಿ ಹೇಳಿರಿ, ಹೆಸರು ಮಾತ್ರ ಬೇಡ ಎಂದು ನನಗೆ ಅನುಮತಿ ಕೊಟ್ಟವರೂ ಅವರೇ.

ಅವರು ಮಾಡಬಹುದಾಗಿದ್ದ ಕೆಲಸಗಳು ಕಠಿಣವಲ್ಲ. ಗೋವೆಯಲ್ಲಿ ಪ್ರವಾಸಿಗರಿಗೆ ತಂಗಲು ಕೊಡುವ ಹೋಟಲು, ಅತಿಥಿಗೃಹಗಳು 1982ರ ಕಾಯಿದೆಯಂತೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿರಬೇಕು. ಆ ಸಂಖ್ಯೆಯನ್ನು ಕೇಳಬೇಕು. ಮನೆಯನ್ನು ಆ ಕ್ಷಣವೇ ಮೊಬೈಲಿನ ವಿಡಿಯೋ ಕರೆಯಲ್ಲಿ ತೋರಿಸು ಎನ್ನಬೇಕು; ಕಳ್ಳನು ಅದಕ್ಕೆ ನೂರು ನೆಪ ಹೇಳುತ್ತಾನೆ. ‘ಮುಂಗಡ ಹಿಂದಿರುಗಿಸುತ್ತೇನೆ, ಈ ಚೌಕದ ಚಿತ್ರಕ್ಕೆ ಮೊಬೈಲು ಹಿಡಿದು ಗುಟ್ಟಿನ ಸಂಖ್ಯೆ ಒತ್ತಿರಿ’ ಎಂದರೆ ಒತ್ತಬಾರದು. ಹಣ ಕೊಡಲು ಆ ಸಂಖ್ಯೆ ಬೇಕು, ಪಡೆಯಲು ಬೇಕಿಲ್ಲ. ಹಣ ಹೋಯಿತೆಂದು ತಿಳಿದ ಕೂಡಲೇ, ನಾಚಿಕೆಯನ್ನು ಬದಿಗಿಟ್ಟು, 1930 ಎಂಬ ಸಂಖ್ಯೆಗೆ ಫೋನು ಮಾಡಬೇಕು. ಇದು ದೇಶಕ್ಕೆಲ್ಲ ಒಂದೇ. ತಡಮಾಡದೆ ತಿಳಿಸಿದರೆ ಹಣ ಇನ್ನೊಂದು ಖಾತೆಗೆ ಹಾರುವ ಮೊದಲೇ ಬ್ಯಾಂಕಿನವರು ಅದನ್ನು ತಡೆದು ನಿಲ್ಲಿಸುವ ಸಾಧ್ಯತೆ ಇದೆ. ನಾಲ್ಕು ದಿನ ಕೊರಗಿ ಆಮೇಲೆ ಹೇಳಿದರೆ ಅದು ಬಹಳ ಕಡಿಮೆ. ಕಣ್ಣೆದುರಿನ ಅಪಾಯಕ್ಕೆ 112.

ಈ ಎರಡು ಸಂಖ್ಯೆಗಳನ್ನು ಮೊಬೈಲಿನಲ್ಲಿ ಬರೆದಿಟ್ಟರೆ ಸಾಲದು, ಮೊಬೈಲೇ ಹೋದರೆ? ಒಂದು ಚೀಟಿಯಲ್ಲಿ ಅವನ್ನೂ, ನಿಮ್ಮ ಹೋಟಲಿನ ಹೆಸರನ್ನೂ, ಮನೆಯವರೊಬ್ಬರ ಫೋನಿನ ಸಂಖ್ಯೆಯನ್ನೂ ಬರೆದು, ಚಿಕ್ಕ ಮಕ್ಕಳ ಜೇಬಿನಲ್ಲಿಯೂ ಒಂದೊಂದು ಪ್ರತಿಯನ್ನಿಟ್ಟು, ಆಮೇಲೆ ಬಾಗಿಲಿಗೆ ಬೀಗ ಹಾಕಿರಿ.