ಎರಡು ಭಾಗಗಳ ನಡುವಿನ ಒಂದು ಸ್ವರ

ಕೊಡಗಿನ ಮಳೆಗಾಲವನ್ನು ಕೇಳುಗರಿಗೆ ನಾನು ಬಣ್ಣಿಸಿ ಹೇಳಬೇಕಾಗಿಲ್ಲ. ಕಕ್ಕಡ ತಿಂಗಳಲ್ಲಿ ಚಪ್ಪಲಿಗೆ, ಪುಸ್ತಕಕ್ಕೆ, ಪೆಟ್ಟಿಗೆಯ ಮೂಲೆಗೆ ಬೂಷ್ಟು ಹಿಡಿಯುವಂತೆ ಗ್ರಾಮಫೋನಿನ ತಟ್ಟೆಗಳಿಗೂ ಹಿಡಿಯುತ್ತದೆ. ಅಂಥ ಕೆಲವು ತಟ್ಟೆಗಳ ಮೂಲಕ ನಮ್ಮ ಮನೆಗೆ ಬಂದ ಪಿಟೀಲು ಸಂಗೀತವೊಂದರ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನನ್ನ ಅಜ್ಜ ಸಿದ್ದಾಪುರದ ಕಡೆಯ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದವರು. ತೋಟದ ದೊರೆ ತನ್ನ ದೇಶಕ್ಕೆ ಹೊರಟಾಗ ಬಂಗಲೆಯ ಸಾಮಾನೆಲ್ಲ ಹರಾಜಾಯಿತು. ಉಳಿದವರು ಮೇಜು, ಮಂಚ, ಪಿಂಗಾಣಿ ಪಾತ್ರೆಗಳನ್ನು ಕೂಗಿ ಕೊಂಡರೆ, ಅಜ್ಜ ಕೀಲಿ ಕೊಟ್ಟು ನಡೆಸುವ ಒಂದು ಗ್ರಾಮಫೋನನ್ನೂ ಒಂದು ಪೆಟ್ಟಿಗೆ ತಟ್ಟೆಗಳನ್ನೂ ಹೊತ್ತು ತಂದರು. ಅಜ್ಜಿ ಎರಡು ದಿನ ಅವರೊಡನೆ ಮಾತಾಡಲಿಲ್ಲವಂತೆ. ಆ ಪೆಟ್ಟಿಗೆಯಲ್ಲಿ ಅಜ್ಜನಿಗೆ ಅತಿ ಪ್ರಿಯವಾದದ್ದು ಮೆಂಡೆಲ್‌ಸನ್ ರಚಿಸಿದ ಇ ಮೈನರ್ ಪಿಟೀಲು ಕನ್ಸರ್ಟೊ.

ಕನ್ಸರ್ಟೊ ಎಂದರೆ ಒಬ್ಬ ವಾದಕನೂ ದೊಡ್ಡ ವಾದ್ಯವೃಂದವೂ ಎದುರುಬದುರಾಗಿ ನಿಂತು ನಡೆಸುವ ಸಂಭಾಷಣೆ. ನಮ್ಮ ಕಚೇರಿಯಲ್ಲಿ ಪಕ್ಕವಾದ್ಯದವರು ಹಾಡುಗಾರನನ್ನು ಹಿಂಬಾಲಿಸುತ್ತಾರೆ. ಇಲ್ಲಿ ಹಾಗಲ್ಲ, ಒಮ್ಮೆ ಪಿಟೀಲು ಮುಂದೆ, ಒಮ್ಮೆ ಮೇಳ ಮುಂದೆ. ಸಾಮಾನ್ಯವಾಗಿ ಮೂರು ಭಾಗಗಳು. ಮೊದಲನೆಯದು ಚುರುಕು, ನಡುವಿನದು ವಿಳಂಬ, ಕೊನೆಯದು ಮತ್ತೆ ಚುರುಕು. ಹಳೆಯ ಪದ್ಧತಿಯಲ್ಲಿ ಮೇಳವು ಬಹಳ ಹೊತ್ತು ನುಡಿಸಿದ ಮೇಲೆಯೇ ಪಿಟೀಲಿಗೆ ಸರದಿ. 1806ರಲ್ಲಿ ಬೀಥೋವನ್ ಬರೆದ ಕನ್ಸರ್ಟೊದಲ್ಲಿ ವಾದಕನು ಮೂರು ನಿಮಿಷ ಬಿಲ್ಲು ಹಿಡಿದುಕೊಂಡು ಕಾಯಬೇಕು. ಮೆಂಡೆಲ್‌ಸನ್ ಆ ಪದ್ಧತಿಯನ್ನು ಬಿಟ್ಟ. ಮೇಳ ಒಂದು ಉಸಿರೆಳೆಯುವಷ್ಟರಲ್ಲಿ ಪಿಟೀಲು ಹಾಡತೊಡಗುತ್ತದೆ.

ಈ ಕೃತಿಯನ್ನು ಮೊದಲು ನುಡಿಸಿದವನು ಅವನ ಗೆಳೆಯ ಫರ್ಡಿನಂಡ್ ಡಾವಿಡ್. 1845ರ ಮಾರ್ಚ್ 13ರಂದು, ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ. ಅದಕ್ಕೆ ಎರಡು ವರ್ಷ ಹಿಂದೆ, 1843ರಲ್ಲಿ, ಅದೇ ದೇಶದಿಂದ ಬಂದಿದ್ದ ಹರ್ಮನ್ ಮೊಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ್ದರು. ಮುಂದೆ ಅವರೇ ಕೊಡಗಿಗೆ ಬಂದು ನೆಲೆಸಿ, 1855ರಲ್ಲಿ ಈ ನಾಡಿನ ಮೇಲೆ ಪುಸ್ತಕ ಬರೆದರು. ಮೆಂಡೆಲ್‌ಸನ್ ಹುಟ್ಟಿದ್ದು 1809ರಲ್ಲಿ, ಮೊಗ್ಲಿಂಗರು 1811ರಲ್ಲಿ. ಹೀಗೆ ನೋಡಿದರೆ ಈ ಸಂಗೀತ ನಮಗೆ ತೋರುವಷ್ಟು ದೂರದ್ದೇನೂ ಅಲ್ಲ.

ಮೊದಲನೆಯ ಭಾಗ ಮುಗಿದಾಗ ಮೇಳವೆಲ್ಲ ಒಟ್ಟಿಗೆ ಗರ್ಜಿಸಿ ನಿಲ್ಲುತ್ತದೆ. ಆದರೆ ಬಸೂನ್ ಎಂಬ ಉದ್ದನೆಯ ಮರದ ಊದುವಾದ್ಯವೊಂದು ಮಾತ್ರ ತನ್ನ ಸ್ವರವನ್ನು ಬಿಡುವುದಿಲ್ಲ. ಆ ಒಂದೇ ಸ್ವರ ನಿಂತು, ಮೆಲ್ಲಗೆ ಅರ್ಧ ಸ್ವರ ಮೇಲೇರಿ, ನಮ್ಮನ್ನು ಎರಡನೆಯ ಭಾಗದೊಳಕ್ಕೆ ಕರೆದೊಯ್ಯುತ್ತದೆ. ಹೊಳೆಗೆ ಹಾಕಿದ ಪಾಲದಂತೆ, ಅಗಲ ಒಂದೇ ಮರದಷ್ಟು. ಆದರೆ ದಾಟಲು ಅಷ್ಟೇ ಸಾಕು.

ನಮ್ಮ ಮನೆಯ ತಟ್ಟೆಗಳಲ್ಲಿ ತೊಡಕು ಬಂದದ್ದೇ ಈ ಜಾಗದಲ್ಲಿ. ನಿಮಿಷಕ್ಕೆ 78 ಸುತ್ತು ತಿರುಗುವ ಹನ್ನೆರಡು ಅಂಗುಲದ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುವುದು ನಾಲ್ಕು ನಿಮಿಷಕ್ಕೆ ಸ್ವಲ್ಪ ಮೇಲ್ಪಟ್ಟ ಸಂಗೀತ ಮಾತ್ರ. ಇಪ್ಪತ್ತೇಳು ನಿಮಿಷದ ಕೃತಿಯನ್ನು ತುಂಡು ತುಂಡು ಮಾಡದೆ ವಿಧಿಯಿಲ್ಲ. ನಮ್ಮ ಎರಡನೆಯ ತಟ್ಟೆಯ ಒಂದು ಬದಿಯಲ್ಲಿ ಮೊದಲ ಭಾಗದ ಕೊನೆ, ಇನ್ನೊಂದು ಬದಿಯಲ್ಲಿ ಎರಡನೆಯ ಭಾಗದ ಆರಂಭ. ಅಜ್ಜ ಎದ್ದು, ಮುಳ್ಳನ್ನೆತ್ತಿ, ತಟ್ಟೆ ಮಗುಚಿ, ಕೀಲಿ ಕೊಟ್ಟು ಕೂರುವುದರೊಳಗೆ ಆ ಪಾಲ ಮುರಿದುಹೋಗುತ್ತಿತ್ತು.

1964ರ ಕಕ್ಕಡದಲ್ಲಿ ಆ ತಟ್ಟೆಯೂ ಮುರಿಯಿತು. ಬೂಷ್ಟು ಒರೆಸುತ್ತೇನೆಂದು ಹೋಗಿ ಕೈಜಾರಿ ಬೀಳಿಸಿದವನು ನಾನೇ. ಆಗ ನನಗೆ ಎಂಟು ವರ್ಷ. ಅಜ್ಜ ಬೈಯಲಿಲ್ಲ, ಹೊಡೆಯಲಿಲ್ಲ. ಚೂರುಗಳನ್ನು ಕಾಗದದಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿಯೇ ಇಟ್ಟರು. ಮುಂದಿನ ಭಾನುವಾರ ಎಂದಿನಂತೆ ಮೊದಲ ತಟ್ಟೆ ಹಾಕಿದರು. ಅದು ಮುಗಿದ ಮೇಲೆ ಗೋಡೆಯ ಗಡಿಯಾರ ನೋಡಿಕೊಂಡು ಎಂಟು ನಿಮಿಷ ಸುಮ್ಮನೆ ಕುಳಿತರು; ಆಮೇಲೆ ಮೂರನೆಯದನ್ನು ಹಾಕಿದರು. ಹೊರಗೆ ಮಳೆಯ ಸದ್ದು ಬಿಟ್ಟರೆ ಬೇರೇನಿಲ್ಲ. 1971ರಲ್ಲಿ ತೀರಿಕೊಳ್ಳುವವರೆಗೂ ಅವರು ಹಾಗೆಯೇ ಕೇಳಿದರು. ಆ ಎಂಟು ನಿಮಿಷ ನಾನು ಅವರ ಮುಖ ನೋಡುತ್ತಿರಲಿಲ್ಲ.

ನಮ್ಮ ಮನೆಯ ಕಥೆ ಹಾಗಿರಲಿ. ಇಂಥ ಕೃತಿಗಳು ತಟ್ಟೆಗೆ ಬಂದ ಚರಿತ್ರೆಯಲ್ಲಿ ಕನ್ನಡ ನಾಡಿಗೂ ಒಂದು ಪಾಲುಂಟು. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಮೈಸೂರಿನ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದಲ್ಲಿಯೂ ಪಳಗಿದವರು. ರಷ್ಯದ ಮೆಟ್ನರ್ ಲಂಡನ್ನಿನಲ್ಲಿ ಮರೆವಿಗೆ ಸಂದಿದ್ದಾಗ, ಆತನ ಕೃತಿಗಳನ್ನು ತಟ್ಟೆಗಳಲ್ಲಿ ಮುದ್ರಿಸಲು ಹಣ ಒದಗಿಸಿದವರು ಅವರೇ. 1945ರಲ್ಲಿ ಸ್ಥಾಪನೆಯಾದ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೆ ನೆರವಾಗಿ, 1948ರಲ್ಲಿ ಅದರ ಕಚೇರಿಗಳ ಸಂಘಕ್ಕೆ ಮೊದಲ ಅಧ್ಯಕ್ಷರಾದರು. ಅದೇ ಮೇಳ 1953ರಲ್ಲಿ, ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ, ಮೆನುಹಿನ್ ಅವರ ಪಿಟೀಲಿನೊಡನೆ ಬೀಥೋವನ್ ಕನ್ಸರ್ಟೊವನ್ನು ಮುದ್ರಿಸಿತು. ಮೈಸೂರಿನ ಹಣ ಆ ತಟ್ಟೆಗೇ ಹೋಯಿತೆಂದು ನಾನು ಹೇಳುತ್ತಿಲ್ಲ. ಆ ಮೇಳ ಕಾಲೂರುತ್ತಿದ್ದ ಹೊತ್ತಿನಲ್ಲಿ ಕೈಹಿಡಿದವರ ಪೈಕಿ ನಮ್ಮ ಅರಸರೊಬ್ಬರಿದ್ದರು ಎಂಬುದಷ್ಟೇ ನನ್ನ ಮಾತು.

ಬೀಥೋವನ್ನನ ಆ ಕೃತಿಯೂ ಬಹುಕಾಲ ಮೂಲೆಗೆ ಬಿದ್ದಿತ್ತು. 1844ರಲ್ಲಿ ಲಂಡನ್ನಿನಲ್ಲಿ ಯೋಆಖಿಮ್ ಎಂಬ ಹನ್ನೆರಡು ವರ್ಷದ ಹುಡುಗ ನುಡಿಸಿದ ಮೇಲೆ ಅದರ ಭಾಗ್ಯ ತೆರೆಯಿತು. ಅಂದು ಮೇಳವನ್ನು ನಡೆಸಿದವನು ಬೇರಾರೂ ಅಲ್ಲ, ಮೆಂಡೆಲ್‌ಸನ್ನನೇ. ಕ್ರೈಸ್ಲರ್ ಅವರು 1926ರಲ್ಲಿ ಬರ್ಲಿನ್ನಿನಲ್ಲಿ ಈ ಎರಡೂ ಕೃತಿಗಳನ್ನು ಮುದ್ರಿಸಿದರು. ಕರಕರ ಶಬ್ದದ ಹಿಂದಿನಿಂದ ಬರುವ ಆ ಬೆಚ್ಚನೆಯ ನಾದವನ್ನು ಒಮ್ಮೆಯಾದರೂ ಕೇಳಬೇಕು.

ತುಂಡಾದದ್ದನ್ನು ಕೂಡಿಸುವ ಉಪಾಯ 1948ರಲ್ಲಿ ದೊರೆಯಿತು. ಆ ವರ್ಷ ಅಮೆರಿಕದಲ್ಲಿ ನಿಮಿಷಕ್ಕೆ ಮೂವತ್ತಮೂರೂಕಾಲು ಚಿಲ್ಲರೆ ಸುತ್ತು ತಿರುಗುವ ಲಾಂಗ್‌ಪ್ಲೇ ತಟ್ಟೆ ಹೊರಬಂತು. ಹನ್ನೆರಡು ಅಂಗುಲದ ಆ ಹೊಸ ಸಾಲಿನ ಮೊದಲ ತಟ್ಟೆಗೆ ಆರಿಸಿದ್ದು ಯಾವುದನ್ನು? ಮೆಂಡೆಲ್‌ಸನ್ನನ ಇದೇ ಕನ್ಸರ್ಟೊವನ್ನು. ಪಿಟೀಲು ಮಿಲ್‌ಸ್ಟೈನ್, ನಿರ್ದೇಶನ ಬ್ರೂನೊ ವಾಲ್ಟರ್. ಮುಂದೆ ಇಡೀ ಕೃತಿ ತಟ್ಟೆಯ ಒಂದೇ ಬದಿಯಲ್ಲಿ ಬರತೊಡಗಿತು.

ಅಂಥದೊಂದು ತಟ್ಟೆಯನ್ನು ನಾನು ಮೊದಲು ಕೇಳಿದ್ದು 1978ರಲ್ಲಿ, ಮೈಸೂರಿನ ಸ್ನೇಹಿತರೊಬ್ಬರ ಮನೆಯಲ್ಲಿ. ಮೊದಲ ಭಾಗ ಮುಗಿಯಿತು. ಅಭ್ಯಾಸಬಲದಿಂದ ನಾನು ತಟ್ಟೆ ಮಗುಚಲು ಎದ್ದುಬಿಟ್ಟೆ. ಬಸೂನ್ ನಿಲ್ಲಲಿಲ್ಲ. ನಾನು ನಿಂತಲ್ಲಿಯೇ ನಿಂತೆ. ಆಗ ತಟ್ಟನೆ ಹೊಳೆಯಿತು: ನಾನು ಒಡೆಯುವುದಕ್ಕೆ ಮೊದಲು ಕೂಡ ಅಜ್ಜ ಈ ಜೋಡಣೆಯನ್ನು ಒಮ್ಮೆಯೂ ಕೇಳಿದವರಲ್ಲ. ಹದಿನಾಲ್ಕು ವರ್ಷ ಹೊತ್ತುಕೊಂಡಿದ್ದ ಅಪರಾಧದ ಭಾರ ಅರ್ಧ ಇಳಿಯಿತು. ಅವರಿಗೆ ಇದನ್ನು ಕೇಳಿಸಲಾಗಲಿಲ್ಲವಲ್ಲ ಎಂಬ ಉಳಿದರ್ಧ ಇನ್ನೂ ಇದೆ.

ಕೊನೆಗೆ ಒಂದೆರಡು ಹಿತವಚನ. ನಿಮ್ಮ ಅಟ್ಟದ ಮೇಲೆ ಹಳೆಯ ತಟ್ಟೆಗಳಿದ್ದರೆ ಗುಜರಿಗೆ ಹಾಕಬೇಡಿ. ಅವು ಅರಗಿನವು, ಆ ಅರಗು ಬಹುಪಾಲು ನಮ್ಮ ದೇಶದ ಕಾಡಿನಿಂದಲೇ ಹೋದದ್ದು. ಸ್ಪಿರಿಟ್ ತಾಗಿಸಿದರೆ ಅರಗು ಕರಗುತ್ತದೆ. ಒಣಗಿದ ಮೆತ್ತನೆಯ ಬಟ್ಟೆ ಸಾಕು. ಒಲೆಯ ಬಳಿ ಇಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತವೆ. ನೆಟ್ಟಗೆ ನಿಲ್ಲಿಸಿ ಇಡಿ. ಮಕ್ಕಳು ಒರೆಸುತ್ತೇವೆಂದು ಬಂದರೆ ಬೇಡವೆನ್ನಬೇಡಿ, ಪಕ್ಕದಲ್ಲಿ ಕುಳಿತು ಒರೆಸಲು ಕಲಿಸಿ. ಮತ್ತೆ ಈ ಕನ್ಸರ್ಟೊ ಎಂದಾದರೂ ನಿಮ್ಮ ಕಿವಿಗೆ ಬಿದ್ದರೆ, ಮೊದಲ ಭಾಗ ಮುಗಿಯಿತೆಂದು ಏಳಬೇಡಿ. ಆ ಒಂದು ಸ್ವರ ದಾಟುವವರೆಗೆ ಕುಳಿತಿರಿ.