ಪಶ್ಚಾತ್ತಾಪಕ್ಕೆ ಪ್ರಾಣ ಉಳಿದಿರಬೇಕು
(ಆಳಂದದ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಅಮಲು ಪದಾರ್ಥ ಹರಾಮ್. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹರಾಮಿಗೆ ಬಲಿಯಾದ ನಮ್ಮದೇ ಮನೆಯ ಮಗನನ್ನು ಏನು ಮಾಡಬೇಕು? ಇಂದು ನಾನು ನಿಮ್ಮ ಮುಂದಿಡುವುದು ಈ ಒಂದು ಪ್ರಶ್ನೆಯನ್ನು ಮಾತ್ರ.

ಆಳಂದ, ಅಫಜಲಪುರ, ಜೇವರ್ಗಿಗಳಿಂದ ಯುವಕರು ದುಡಿಮೆ ಅರಸಿ ಮುಂಬೈ, ಪುಣೆ, ಹೈದರಾಬಾದುಗಳಿಗೆ ಹೋಗುತ್ತಾರೆ. ಅವರಲ್ಲೊಬ್ಬ ಮಾದಕ ದ್ರವ್ಯ ಚುಚ್ಚಿಕೊಳ್ಳುವ ಚಟ ಹತ್ತಿಸಿಕೊಂಡು ಮರಳಿದರೆ, ಅವನು ಅದನ್ನು ಮೊದಲು ಮರೆಮಾಚುವುದು ನಮ್ಮಿಂದಲೇ. ಆ ಮರೆಯಲ್ಲಿ ಒಂದೇ ಸಿರಿಂಜು ಹಲವರ ಕೈಗೆ ದಾಟುತ್ತದೆ. ಎಚ್‌ಐವಿ ಮತ್ತು ಹೆಪಟೈಟಿಸ್ ರಕ್ತದಿಂದ ರಕ್ತಕ್ಕೆ ಹರಡುತ್ತವೆ. ಮಣಿಪುರದಲ್ಲಿ 1989-90ರ ಕೆಲವೇ ತಿಂಗಳುಗಳಲ್ಲಿ, ಪರೀಕ್ಷೆಗೊಳಗಾದ ಇಂತಹ ವ್ಯಸನಿಗಳ ಪೈಕಿ ಅರ್ಧದಷ್ಟು ಮಂದಿಯಲ್ಲಿ ಎಚ್‌ಐವಿ ಕಂಡುಬಂದಿತು. ಏನೂ ಅರಿಯದ ಪತ್ನಿಯರೂ ಅದಕ್ಕೆ ತುತ್ತಾದರು.

ಇದನ್ನು ತಡೆಯುವ ಒಂದು ಸರಳ ಮಾರ್ಗವಿದೆ. ಬಳಸಿದ ಸೂಜಿ ಹಿಂಪಡೆದು ಹೊಸದನ್ನು ಉಚಿತವಾಗಿ ಕೊಡುವುದು. 1984ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಇದಕ್ಕೆ ಮುಂದಾದದ್ದು ವ್ಯಸನಿಗಳದ್ದೇ ಸಂಘಟನೆ. ನಮ್ಮ ದೇಶದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದಲ್ಲಿಯೂ ಆ ದಾರಿ ತುಳಿದವರೇ ಸಹವರ್ತಿ ಕಾರ್ಯಕರ್ತರಾಗಿ ದುಡಿಯುತ್ತಾರೆ. ಪೊಲೀಸರಿಗೂ ಮೌಲವಿಗೂ ಹೆದರುವವನು ತನ್ನಂತೆಯೇ ನೊಂದವನಿಗೆ ಬಾಗಿಲು ತೆರೆಯುತ್ತಾನೆ. ಸೂಜಿಯ ನೆಪದಲ್ಲಿ ಬೆಳೆದ ಆ ಪರಿಚಯವೇ ಅವನನ್ನು ರಕ್ತಪರೀಕ್ಷೆಗೆ, ಗಾಯದ ಶುಶ್ರೂಷೆಗೆ, ನಾಲಿಗೆಯ ಕೆಳಗಿಡುವ ಬುಪ್ರೆನಾರ್ಫಿನ್ ಚಿಕಿತ್ಸೆಗೆ ಕರೆದೊಯ್ಯಬಲ್ಲದು. 2017ರ ಎಚ್‌ಐವಿ ಕಾಯ್ದೆಯ 22ನೇ ಕಲಂ ಈ ಸೇವೆಗೆ ರಕ್ಷಣೆ ನೀಡಿದೆ.

‘ಇದು ಪಾಪಕ್ಕೆ ನೆರವಲ್ಲವೇ?’ ಎಂದು ನೀವು ಕೇಳಬಹುದು. ಈ ಪ್ರಶ್ನೆ ಇರಾನಿನಲ್ಲಿಯೂ ಎದ್ದಿತ್ತು. 2005ರಲ್ಲಿ ಅಲ್ಲಿನ ನ್ಯಾಯಾಂಗದ ಮುಖ್ಯಸ್ಥ ಆಯತುಲ್ಲಾ ಶಾಹ್‌ರೂದಿಯವರೇ ಇಂತಹ ಸೇವೆಗೆ ಅಡ್ಡಿಪಡಿಸಬಾರದೆಂದು ನ್ಯಾಯಾಧೀಶರಿಗೆ ಸೂಚಿಸಿದರು. ಮಲೇಶ್ಯಾದಲ್ಲಿ 2006ರಲ್ಲಿ ಸೂಜಿ ವಿನಿಮಯ ಆರಂಭವಾಯಿತು. ಎರಡು ಕೆಡುಕುಗಳು ಎದುರಾದಾಗ ದೊಡ್ಡದನ್ನು ತಡೆಯಲು ಚಿಕ್ಕದನ್ನು ಸಹಿಸಬೇಕೆಂಬುದು ಫಿಕ್ಹ್‌ನ ಪ್ರಸಿದ್ಧ ನಿಯಮ. ಪ್ರಾಣರಕ್ಷಣೆಯು ಶರೀಅತ್ತಿನ ಮೂಲ ಉದ್ದೇಶಗಳಲ್ಲೊಂದು. ಮದ್ಯಪಾನಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾದ ವ್ಯಕ್ತಿಯನ್ನು ಒಬ್ಬರು ಶಪಿಸಿದಾಗ ಪ್ರವಾದಿವರ್ಯರು(ಸ) ಅವರನ್ನು ತಡೆದ ಪ್ರಸಂಗ ಬುಖಾರಿಯಲ್ಲಿದೆ. ಶಿಕ್ಷೆ ಇತ್ತು, ಬಹಿಷ್ಕಾರ ಇರಲಿಲ್ಲ.

ಸಹೋದರರೇ, ತೌಬಾದ ಬಾಗಿಲು ಸತ್ತವನಿಗೆ ತೆರೆದಿರುವುದಿಲ್ಲ. ನಮ್ಮ ಮೊಹಲ್ಲಾಗಳಲ್ಲಿ ಇಂತಹವರಿದ್ದರೆ ಅವರ ಹೆಸರನ್ನು ಬೀದಿಗೆ ಎಳೆಯಬೇಡಿ. ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಸರಕಾರಿ ಪರೀಕ್ಷಾ ಕೇಂದ್ರದವರೆಗೆ ಜೊತೆಯಲ್ಲಿ ನಡೆಯಿರಿ. ಚಟದಿಂದ ಹೊರಬಂದವನಿಗೆ ಮಸೀದಿಯ ಸಫ್‌ನಲ್ಲಿ ನಿಮ್ಮ ಪಕ್ಕದಲ್ಲೇ ಜಾಗ ಕೊಡಿ. ನಾಳೆ ಇನ್ನೊಬ್ಬನನ್ನು ಕರೆತರಬಲ್ಲವನು ಅವನೇ.

ಅಲ್ಲಾಹನು ನಮ್ಮ ಮಕ್ಕಳನ್ನು ಕಾಪಾಡಲಿ. ಆಮೀನ್.